ಮಾಲೆ ಹಾಕಿದವನ ರಕ್ತ

ಕೆಟ್ಟ ಸುದ್ದಿ ಬಂದರೆ ಬೆಟ್ಟದಿಂದ ಬರಬೇಕಿತ್ತು. ಬಂದದ್ದು ಮತ್ತಿಕೆರೆಯ ಮನೆಯಿಂದ.

ಪಿಳ್ಳಪ್ಪ ಶಬರಿಮಲೆಯಲ್ಲಿ ಅಯ್ಯಪ್ಪನ ದರ್ಶನ ಮುಗಿಸಿ, ಎಲ್ಲೂ ಏದುಸಿರು ಬಿಡದೆ ಇಳಿದು ಬಂದು, ಪಂಪಾ ನದಿಯ ದಡದಲ್ಲಿ ಕುಳಿತಿದ್ದ. ಫೋನಿನಲ್ಲಿ ನಾದಿನಿ ಗೋಪಾಲಮ್ಮ.

"ಭಾವ, ಅಕ್ಕ ಹೋಗ್ಬಿಟ್ಳು. ಒಲೆ ಮುಂದೇನೇ ಕುಸಿದ್ಳು. ಹಾರ್ಟು ಅಂದ್ರು ಡಾಕ್ಟ್ರು." ಅಳು ತಡೆದು ಮತ್ತೆ ಹೇಳಿದಳು: "ಹಾರ್ಟು ಕೆಟ್ಟಿದ್ದು ನಿಮ್ದು. ಹೋಗಿದ್ದು ಅವಳು. ನಿಮ್ಮ ಚಿಂತೇನೇ ತಿಂದ್ಹಾಕ್ತು ಅವಳನ್ನ."

ಪಿಳ್ಳಪ್ಪ ಫೋನನ್ನು ಮಡಿಲಿಗಿಳಿಸಿದ.

ಹಿಂದಿನ ವರ್ಷ ಅವನ ಎದೆಬಡಿತ ತಾಳ ತಪ್ಪಿತ್ತು. ಹೆಬ್ಬಾಳದ ಆಸ್ಪತ್ರೆಯಲ್ಲಿ ತೊಡೆಯ ರಕ್ತನಾಳದಿಂದ ತಂತಿ ತೂರಿಸಿ, ಹೃದಯದೊಳಗೆ ತಪ್ಪು ಬಡಿತ ಹುಟ್ಟಿಸುತ್ತಿದ್ದ ಜಾಗವನ್ನು ಸುಟ್ಟಿದ್ದರು. ಬದುಕಿದರೆ ಬೆಟ್ಟಕ್ಕೆ ಬರುತ್ತೇನೆಂದು ಅವನು ಹರಕೆ ಹೊತ್ತಿದ್ದ. ಹೊರಡುವ ಮೊದಲು ಡಾಕ್ಟರು ರಕ್ತಪರೀಕ್ಷೆ ಬರೆದರು. ಹೃದಯ ದಣಿದರೆ ರಕ್ತದಲ್ಲಿ ಒಂದು ಅಂಶ ಏರುತ್ತದೆ. ಅದು ಏರಿದ್ದರೆ ಕಾಯಿಲೆ ಮರಳುವ ಸಂಭವ ಹೆಚ್ಚು. ಆಗ ಬೆಟ್ಟದ ಮಾತೇ ಇಲ್ಲ.

ರಕ್ತ ತೆಗೆಯಲು ಲ್ಯಾಬಿನ ದಸ್ತಗೀರ್ ಮನೆಗೇ ಬಂದ. ಅದೇ ಬೀದಿಯವನು. ಪಿಳ್ಳಪ್ಪ ತೋಳು ಮುದುಡಿಕೊಂಡ.

"ಮಾಲೆ ಹಾಕಿದೀನಿ ಕಣಪ್ಪ. ವ್ರತ ಮುಗಿಯೋವರ್ಗೂ ಮೈಯಿಂದ ರಕ್ತ ಬೀಳ್ಬಾರ್ದು."

"ಸೂಜಿ ಚುಚ್ಚಿದ್ರೆ ಅಯ್ಯಪ್ಪ ಮುನಿಸ್ಕೊಳ್ತಾನಾ, ಸ್ವಾಮಿ? ರಿಪೋರ್ಟ್ ಇಲ್ದೆ ಡಾಕ್ಟ್ರು ಬಿಡಲ್ಲ."

ಹೆಂಡತಿ ಮುನಿಕೃಷ್ಣಮ್ಮ ಬಾಗಿಲು ಮುಂದೆ ಮಾಡಿದಳು. "ಜಗಳ ಸಾಕು. ಕೂತ್ಕೊಳಪ್ಪ, ಕಾಫಿ ಕುಡಿ. ನಾನ್ ಒಪ್ಪಿಸ್ತೀನಿ."

ಕಾಫಿ ಮುಗಿಯುವಷ್ಟರಲ್ಲಿ ರಕ್ತ ತುಂಬಿದ ಟ್ಯೂಬು ದಸ್ತಗೀರನ ಪೆಟ್ಟಿಗೆಯಲ್ಲಿತ್ತು.

ರಿಪೋರ್ಟು ಕೆಟ್ಟದಾಗಿ ಬಂತು. "ಇಸಿಜಿ ಚೆನ್ನಾಗಿದೆ, ಆದ್ರೆ ರಕ್ತ ಬೇರೇನೇ ಹೇಳ್ತಿದೆ. ಬೆಟ್ಟ ಬೇಡ" ಎಂದರು ಡಾಕ್ಟರು. ಪಿಳ್ಳಪ್ಪ ನಕ್ಕುಬಿಟ್ಟ. ಅವನ ಧೈರ್ಯಕ್ಕೆ ಬೀದಿಯೇ ಬೆರಗಾಯಿತು.

ಗೋಪಾಲಮ್ಮ ಮಾತ್ರ ಅಕ್ಕನ ಮೇಲೆ ಹರಿಹಾಯ್ದಳು. "ಗಂಡನ್ನ ಸಾಯಕ್ಕೆ ಕಳಿಸ್ತೀಯಾ ಅಕ್ಕ? ಡಾಕ್ಟ್ರಿಗಿಂತ ಜಾಸ್ತಿ ಓದಿದೀಯಾ ನೀನು?"

ಇರುಮುಡಿಗೆ ಅಕ್ಕಿ ಆರಿಸುತ್ತಿದ್ದ ಮುನಿಕೃಷ್ಣಮ್ಮ ಗೋಡೆಗೆ ಒರಗಿ ಸುಧಾರಿಸಿಕೊಂಡಳು. "ಹೋಗ್ಬರ್ಲಿ ಬಿಡೇ. ಅವ್ರಿಗೇನೂ ಆಗಲ್ಲ. ನಂಗ್ ಗೊತ್ತು."

ಅವಳ ಏದುಸಿರನ್ನು ಎಲ್ಲರೂ ಗಂಡನ ಚಿಂತೆಯೆಂದೇ ತಿಳಿದರು.

ಪಂಪೆಯ ದಡದಲ್ಲಿ ಗುರುಸ್ವಾಮಿ ಮುನಿರತ್ನ, ಸೂತಕ ಬಂತೆಂದು, ಪಿಳ್ಳಪ್ಪನ ಕೊರಳಿನ ಮಾಲೆ ತೆಗೆದರು. ಪಿಳ್ಳಪ್ಪ ನೀರಿಗಿಳಿದು ಬೆಟ್ಟದ ಕಡೆ ಕೈಮುಗಿದ.

"ಸ್ವಾಮಿ, ನನ್ನ ವ್ರತ ಕೆಡಬಾರ್ದು ಅಂತ ಅವತ್ತು ತನ್ನ ತೋಳು ಚಾಚಿ, ನನ್ನ ಹೆಸರಲ್ಲಿ ರಕ್ತ ಕೊಟ್ಟೋಳು ಅವಳು, ಆ ರಿಪೋರ್ಟು ನೋಡಿ ನಾನು ನಕ್ಕುಬಿಟ್ಟೆ, ಅವಳ ಜೀವಕ್ಕೆ ಶಾಂತಿ ಕೊಡಪ್ಪ."