ದೀಪ ಹಾಕಿದರೆ ಏರುವ ಮುಳ್ಳು

ಹಾಯಿದೋಣಿಯ ಎಂಜಿನ್ ಚಾಲೂ ಆಗಿ ನಿಮಿಷವೂ ಆಗಿರಲಿಲ್ಲ, ಶಾಖದ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿತು. ಬಂದರಿನವರೆಲ್ಲ ಮೀಟರಕ್ಕ ಎಂದು ಕರೆಯುವ ಎಲೆಕ್ಟ್ರಿಷಿಯನ್ ಎಂಜಿನ್ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು.

“ಅಣ್ಣಾ, ಒಳಗಿನ ದೀಪ ಆರಿಸಿ.”

ದೋಣಿಯ ಯಜಮಾನ ಆರಿಸಿದ. ಮುಳ್ಳು ಸರ್ರನೆ ಇಳಿಯಿತು. ಮತ್ತೆ ಹಾಕಿದ, ಏರಿತು. ಎಂಜಿನ್ ಕೆಟ್ಟಿತೆಂದು ಅದನ್ನು ಎತ್ತಿಸಲು ನಾಳೆಗೆ ಕ್ರೇನಿನವನಿಗೆ ಹೇಳಿದ್ದವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಮೀಟರಿನ ಹಿಂದಿನಿಂದ ಒಂದು ತಂತಿ ಎಳೆದಳು. ಅದರ ತುದಿ ಉಪ್ಪುಗಾಳಿಗೆ ಹಸಿರುಗಟ್ಟಿ ಪುಡಿಪುಡಿಯಾಗಿತ್ತು. “ಮೀಟರಿಗೂ ದೀಪಕ್ಕೂ ಇದೊಂದೇ ಅರ್ಥಿಂಗ್ ತಂತಿ. ಇದು ಸವೆದಿದ್ದಕ್ಕೆ ದೀಪ ಹಾಕಿದಾಗೆಲ್ಲ ಮುಳ್ಳು ಸುಳ್ಳು ತೋರಿಸ್ತಿದೆ. ಎಂಜಿನ್‌ಗೆ ಏನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದೆ.”

“ಯಾವ ಪುಣ್ಯಾತ್ಮ ಹೀಗೆ ಕಟ್ಟಿದ್ದು?” ಎಂದು ಅವನು ರೇಗಿದ. ದೋಣಿ ಕೊಂಡು ಆರು ತಿಂಗಳಷ್ಟೇ ಆಗಿತ್ತು. ಹಿಂದೆ ಯಾರ್ಯಾರು ಕೈಯಾಡಿಸಿದ್ದರೋ ಅವನಿಗೆ ಗೊತ್ತಿರಲಿಲ್ಲ. ಅವಳು ಯಾರ ಹೆಸರು ಹೇಳಿದರೂ ನಂಬುತ್ತಿದ್ದ.

ಮೀಟರಕ್ಕ ತಂತಿಯ ಗಂಟನ್ನು ಬೆಳಕಿಗೆ ಹಿಡಿದು ನೋಡಿದಳು. “ನಾನೇ ಅಣ್ಣಾ. ಹಳೇ ಯಜಮಾನರ ಕಾಲದಲ್ಲಿ. ಬೇರೆ ತಂತಿ ಎಳೀಬೇಕಿತ್ತು, ಸೋಮಾರಿತನ ಮಾಡ್ದೆ.”

ಅವನ ನಾಲಿಗೆ ತುದಿಗೆ ಬಂದಿದ್ದ ಬೈಗುಳ ಅಲ್ಲೇ ಕರಗಿತು. ಅವನು ಟಾರ್ಚ್ ಹಿಡಿದು ಅವಳ ಪಕ್ಕದಲ್ಲಿ ಮಂಡಿಯೂರಿದ.

“ಅಕ್ಕಾ, ಇಡೀ ದೋಣಿ ವೈರಿಂಗ್ ನೀವೇ ಮಾಡ್ಬೇಕು,” ಎಂದ.