ಗದ್ದಲದ ಬೆಂಚು

“ಕಾಜಲ, ಏಳು. ಮುಂದಿನ ಬೆಂಚಿಗಿ ಬಾ,” ಎಂದರು ಜಿನೇಂದ್ರ ಸರ್. ವಿಜ್ಞಾನದ ಪಾಠವನ್ನು ಅವರು ಇಂಗ್ಲಿಷಿನಲ್ಲಿ ಒಂದು ಸಾಲು ಹೇಳಿದರೆ ಸಾಕು, ಹಿಂದಿನ ಬೆಂಚಿನಲ್ಲಿ ಕಾಜಲಳ ಮರಾಠಿ ಪಿಸುಮಾತು ಶುರುವಾಗುತ್ತಿತ್ತು. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಬೇರೆ ಭಾಷೆ ಕಿವಿಗೆ ಬೀಳಬಾರದೆಂದು ಹೆಡ್‌ಮಾಸ್ತರ್ ಆಬಾಸಾಹೇಬರ ಕಟ್ಟಪ್ಪಣೆ. ಅದನ್ನು ಅವರು ಹೊರಡಿಸಿದ್ದು ಮಾತ್ರ ಕನ್ನಡದಲ್ಲಿ.

ಕಾಜಲ ಚೀಲ ಎತ್ತಿಕೊಂಡು ಬಂದಳು. ಅವಳ ಪಕ್ಕದ ಮಯೂರಿ ಒಬ್ಬಳೇ ಉಳಿದಳು. ಗಡಿಯಾಚೆ ಅಜ್ಜಿಯ ಊರಿನ ಮರಾಠಿ ಶಾಲೆಯಲ್ಲಿ ಐದನೇ ಕ್ಲಾಸು ಮುಗಿಸಿ, ಈ ವರ್ಷವಷ್ಟೇ ನಿಪ್ಪಾಣಿಗೆ ಅವ್ವನ ಹತ್ತಿರ ಬಂದ ಹುಡುಗಿ. ಇಂಗ್ಲಿಷ್ ತಲೆಗೆ ಹತ್ತದಿದ್ದರೆ ಮತ್ತೆ ಅಜ್ಜಿಯ ಊರಿಗೇ ಕಳಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಅವ್ವನನ್ನು ಬಿಟ್ಟು ಹೋಗುವುದು ಅವಳಿಗೆ ಬೇಡವೇ ಬೇಡವಾಗಿತ್ತು. ಹೆಡ್‌ಮಾಸ್ತರ್ ಇವತ್ತು ಅವಳ ಅಪ್ಪನಿಗೆ ತೀರ್ಮಾನ ಹೇಳುವವರಿದ್ದರು.

ಒದ್ದೆ ಬಟ್ಟೆ ಬಿಸಿಲಿಗೆ ಹೇಗೆ ಒಣಗುತ್ತದೆಂದು ಸರ್ ವಿವರಿಸಿದರು. ಬಟ್ಟೆಯ ನೀರು ಎಲ್ಲಿ ಹೋಯಿತೆಂದು ಇಂಗ್ಲಿಷಿನಲ್ಲೇ ಮಯೂರಿಯನ್ನು ಕೇಳಿದರು. ಅವಳು ಎದ್ದು ಕಾಜಲಳ ಬೆನ್ನು ನೋಡಿದಳು. ಸರ್ ದನಿ ಏರಿಸಿ ಇನ್ನೊಮ್ಮೆ ಕೇಳಿದರು. ಕೂಗಿದರೆ ಭಾಷೆ ಬರುವಂತಿದ್ದರೆ ಇಷ್ಟು ಹೊತ್ತಿಗೆ ಊರಿಗೆಲ್ಲ ಬಂದಿರುತ್ತಿತ್ತು. ಅದೇ ಸಾಲಿನ ಸುಹಾಸನನ್ನು ಎಬ್ಬಿಸಿದರು, ಅವನೂ ಕಾಜಲಳತ್ತ ನೋಡಿದ. ಕೋಮಲಳೂ ಅಷ್ಟೇ. ಹಿಂದಿನ ಸಾಲಿಗೆಲ್ಲ ಇಷ್ಟು ದಿನ ಪಾಠ ಮಾಡಿದವರು ಯಾರೆಂದು ತಿಳಿದು ಸರ್‌ಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಆಬಾಸಾಹೇಬರು ಬಾಗಿಲಿಗೆ ಬಂದರು. “ವಾ! ಇವತ್ತ ಕ್ಲಾಸ್ ಭಾಳ ಶಾಂತ ಐತಲ್ರಿ.”

“ಯಾರಿಗೂ ಏನೂ ತಿಳದಿಲ್ರಿ ಸರ್, ಅದಕ್ಕ.”

“ಮಯೂರಿದ ಏನಾತು? ಅಕಿ ಅಪ್ಪಗ ಫೋನ್ ಹಚ್ಚಲೇನು?” ಅವರು ಫೋನ್ ತೆಗೆದೇಬಿಟ್ಟರು.

“ಸ್ವಲ್ಪ ತಡೀರಿ ಸರ್. ಕಾಜಲ, ನಿನ್ನ ಜಾಗಾಕ್ಕ ಹೋಗವ್ವಾ. ನಾ ಹೇಳಿದ್ದನ್ನ ಅಕಿಗಿ ಹೇಳು. ಜೋರಾಗೇ ಹೇಳು.”

ಹೆಡ್‌ಮಾಸ್ತರರ ಹುಬ್ಬು ಗಂಟಿಕ್ಕಿತು. ಕಾಜಲ ಅಂಜುತ್ತಲೇ ಮರಾಠಿಯಲ್ಲಿ ಹೇಳತೊಡಗಿದಳು. ಮಯೂರಿ ನಡುವೆ ತಡೆದು ಏನೋ ಕೇಳಿದಳು, ಸುಹಾಸ ಬಾಯಿ ಹಾಕಿದ, ಹಿಂದಿನ ಸಾಲೆಲ್ಲ ಗುಜುಗುಜು. ಆಮೇಲೆ ಮಯೂರಿ ಎದ್ದು ನಿಂತಳು.

“ವಾಟರ್ ಗೋ ಇನ್ ಏರ್, ಸರ್.” ತಪ್ಪೋ ಒಪ್ಪೋ, ಇಂಗ್ಲಿಷೇ. ಅವಳು ಕೂರಲಿಲ್ಲ. “ಬಟ್ ಸರ್, ನೈಟ್ ನೋ ಸನ್. ಕ್ಲಾಥ್ ಡ್ರೈ. ಹೌ?”

ಆಬಾಸಾಹೇಬರು ಫೋನನ್ನು ಜೇಬಿಗಿಳಿಸಿ, ಮುಂದಿನ ಬೆಂಚಿನಲ್ಲಿ ಕಾಜಲ ಬಿಟ್ಟುಹೋದ ಜಾಗದಲ್ಲಿ ಕೂತರು.

“ಹೇಳ್ರಿ ಜಿನೇಂದ್ರ ಸರ್, ರಾತ್ರಿ ಹೆಂಗ ಒಣಗತೈತಿ?” ಎಂದವರು ದನಿ ತಗ್ಗಿಸಿದರು. “ನನಗ ಸ್ವಲ್ಪ ಕನ್ನಡದಾಗ ಹೇಳ್ರಿ.”