ತಿಕ್ಕಿ ತೊಳೆದ ಓಲೆ

ಸ್ನಾನ ಮುಗಿಸಿ ಬಂದ ದೀಕ್ಷಿತಾ ಕಿಟಕಿಯ ದಂಡೆ ನೋಡಿ ನಿಂತೇಬಿಟ್ಟಳು. ಗೀರುಗಳಿಗೆ ಕಪ್ಪು ಹಿಡಿಸಿ ತಾನು ಅಲ್ಲಿ ಇಟ್ಟಿದ್ದ ಬೆಳ್ಳಿಯ ಓಲೆಗಳು ಸ್ಟೀಲ್ ಚಮಚದ ಹಾಗೆ ಥಳಥಳಿಸುತ್ತಿದ್ದವು. ಪಕ್ಕದಲ್ಲಿ ಹಿಂಡಿದ ಹುಣಸೆಹುಳಿ.

ಹಳೆಯ ಬೆಳ್ಳಿ ಕರಗಿಸಿ ಕೈಯಿಂದಲೇ ಒಡವೆ ಮಾಡುವುದು ಅವಳ ಕೆಲಸ. ಉಚ್ಚಿಲದ ಮನೆಯ ಹಿಂದಿನ ಕೋಣೆಯಲ್ಲಿ ತಯಾರಾದದ್ದು ಮಣಿಪಾಲದವರೆಗೆ ಹೋಗುತ್ತಿತ್ತು. ಜನ ಕಪ್ಪೇ ಬೇಕೆನ್ನುತ್ತಾರೆ, ಓಲೆಯ ಮೇಲಿನ ಎಲೆಯ ನರಗಳು ಎದ್ದು ಕಾಣುವುದೇ ಅದರಿಂದ ಎಂದು ತಾಯಿ ವಾರಿಜಾಳಿಗೆ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

"ತಿಕ್ಕಲು ನಿನಗೆ ಯಾರು ಹೇಳಿದ್ದಮ್ಮ?"

"ಮಸಿ ಹಿಡಿದದ್ದನ್ನು ಹಾಗೇ ಕೊಡುವುದಾ? ಎಂತ ಮಾತು ಮಾರಾಯ್ತಿ," ಎಂದ ವಾರಿಜಾ ಬಂಗುಡೆ ಕೊಯ್ಯುವುದನ್ನು ನಿಲ್ಲಿಸಲಿಲ್ಲ.

ಓಲೆ ಮಾಡಲು ಹೇಳಿದ್ದ ಫಿಯೋನಾ ಸಂಜೆ ಬರುವವಳಿದ್ದಳು. ಮರುದಿನ ಅವಳ ತಂಗಿಯ ರೋಸ್. ಮದುವೆಗೆ ಮುಂಚೆ ತೆಂಗಿನಹಾಲು, ಎಣ್ಣೆ ಹಚ್ಚುವ ಆ ಶಾಸ್ತ್ರಕ್ಕೆ ಅವಳಿಗೆ ಇದೇ ಓಲೆ ಬೇಕು. ಕಪ್ಪು ಹಿಡಿಸುವ ಮದ್ದು ಮುಗಿದಿತ್ತು, ಭಾನುವಾರವಾದ್ದರಿಂದ ಉಡುಪಿಯ ಅಂಗಡಿಗೂ ಬೀಗ. ದೀಕ್ಷಿತಾ ಹಲ್ಲು ಕಚ್ಚಿ ಮೊಟ್ಟೆ ಬೇಯಿಸಿದಳು, ಬಿಸಿ ಬಿಸಿಯಾಗಿಯೇ ಹಿಸುಕಿ ಓಲೆಗಳ ಜೊತೆ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಬೆಂದ ಮೊಟ್ಟೆಯ ಗಂಧಕದ ಹಬೆಗೆ ಬೆಳ್ಳಿ ಕಪ್ಪಾಗುತ್ತದೆ. ಸಾರಿಗಿಟ್ಟ ಮೊಟ್ಟೆಯೂ ಹಾಳಾಯಿತು ಎಂದು ವಾರಿಜಾ ಮಧ್ಯಾಹ್ನವಿಡೀ ಗೊಣಗಿದಳು. ಬಾಗಿಲು ಹಾಕಿಕೊಂಡರೂ ಅದು ಕೇಳುತ್ತಿತ್ತು.

ಫಿಯೋನಾ ಸ್ಕೂಟರ್ ನಿಲ್ಲಿಸುವ ಹೊತ್ತಿಗೆ ಡಬ್ಬಿ ನಾರುತ್ತಿತ್ತು, ಓಲೆಗಳು ಕಪ್ಪಾಗಿದ್ದವು. ದೀಕ್ಷಿತಾ ಅವನ್ನು ತೊಳೆದು, ಉಬ್ಬಿದ ಭಾಗವನ್ನು ಮಾತ್ರ ಬಟ್ಟೆಯಿಂದ ಉಜ್ಜಿ ಕೊಟ್ಟಳು. ಫಿಯೋನಾ ಹಾಕಿಕೊಂಡು ಮೊಬೈಲಿನಲ್ಲಿ ಮುಖ ನೋಡಿಕೊಂಡಳು, ತುಂಬ ಖುಷಿಯಾದಳು. ಇದು ಯಾರ ಹಳೆಯ ಬೆಳ್ಳಿ ಎಂದು ಕೇಳಿದಳು.

ಯಾರದ್ದೋ ಎನ್ನಲು ದೀಕ್ಷಿತಾ ಬಾಯಿ ತೆರೆದಳು. ಅಷ್ಟರಲ್ಲಿ ವಾರಿಜಾ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಿದ್ದಳು.

"ನನ್ನ ಕಾಲಿನ ಚೈನು," ಎಂದಳು.

ಮೀನಿನ ಬುಟ್ಟಿ ಹೊತ್ತು ಮನೆ ಮನೆ ಸುತ್ತುತ್ತಿದ್ದ ಕಾಲದಲ್ಲಿ ಉಪ್ಪುನೀರು ಸೋರಿ ಅದು ದಿನಾ ಕಪ್ಪಾಗುತ್ತಿತ್ತಂತೆ. ಮನೆಗೆ ಬಂದು ಅದನ್ನು ತಿಕ್ಕದೆ ಅವಳು ಊಟಕ್ಕೆ ಕೂತದ್ದಿಲ್ಲವಂತೆ. ದೀಕ್ಷಿತಾಳಿಗೆ ಇದು ಗೊತ್ತಿರಲಿಲ್ಲ. ಕರಗಿಸಲು ಚೈನು ಕೊಡುವಾಗ ಅಮ್ಮ ಏನೂ ಹೇಳಿರಲಿಲ್ಲ.

ವಾರಿಜಾ ಫಿಯೋನಾಳ ಕಿವಿಯನ್ನೇ ನೋಡುತ್ತಿದ್ದಳು.

"ಯಾರಾದರೂ ಕೇಳಿದರೆ ಹೇಳು ಮಗಾ," ಎಂದಳು, "ನನ್ನ ಕಾಲಲ್ಲಿ ಇರುವಾಗ ಅದು ಬೆಳ್ಳಗಿತ್ತು."